ನಮ್ಮೂರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ

ಚಹಾಕ್ಕಿಟ್ಟ ನೀರು ಗುಳುಗುಳು ಎನ್ನತೊಡಗಿದರೆ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಕುದಿಯುವ ನೀರಿನ ಮುಂದೆ ನಾಚಿಕೊಳ್ಳುವ ಹೆಂಗಸು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಕಾರಣ ಹೇಳುತ್ತೇನೆ. ಅದಕ್ಕೆ ಮೊದಲು, ಇದೇ ವಿಷಯವನ್ನು ಹತ್ತು ವರ್ಷ ನಾನು ಎಲ್ಲರಿಗೂ ಹೇಗೆ ಹೇಳಿಕೊಂಡು ಬಂದೆ ಎಂಬುದನ್ನು ಕೇಳಿ. ಆ ಕಥೆಯಲ್ಲಿ ನಾನು ತುಂಬ ಒಳ್ಳೆಯವಳು.

ತೊಂಬತ್ತರ ದಶಕದ ನಡುವಿನ ಮಾತು. ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯ ಪುಟ್ಟ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಭೌತಶಾಸ್ತ್ರದ ಎಂ.ಎಸ್‌ಸಿ. ಆಗಷ್ಟೇ ಮುಗಿದಿತ್ತು, ಅದರ ಬಿಸಿ ಇನ್ನೂ ಆರಿರಲಿಲ್ಲ. ಪ್ರಯೋಗಾಲಯವೆಂದರೆ ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು, ಒಂದು ಸ್ಪಿರಿಟ್ ದೀಪ, ಇಡೀ ಶಾಲೆಗೆ ಒಂದೇ ಥರ್ಮಾಮೀಟರು. ಅದನ್ನು ಕೈಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತರಗತಿಗೆ ತರುತ್ತಿದ್ದೆ. ಅಂದಿನ ಪಾಠ, ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ನೋಡುವುದು. ಮಕ್ಕಳು ಸರದಿಯಲ್ಲಿ ಬಂದು ಇಣುಕಿ, ಹೋಗಿ, ರೆಕಾರ್ಡ್ ಪುಸ್ತಕದಲ್ಲಿ ನೂರು ಎಂದು ಬರೆದರು. ಅರ್ಧ ಮಂದಿ ಇಣುಕುವ ಮೊದಲೇ ಬರೆದಾಗಿತ್ತು. ಅಮುದಾ ಎಂಬ ಹುಡುಗಿ ಮಾತ್ರ ಸ್ಟೂಲು ಹತ್ತಿ, ಪಾದರಸದ ಸಮಕ್ಕೆ ಕಣ್ಣಿಟ್ಟು ನೋಡಿ, ತೊಂಬತ್ತೇಳು ಎಂದು ಬರೆದಳು.

ನಾನು ಹೇಳುತ್ತಿದ್ದ ಕಥೆಯಲ್ಲಿ ಇಲ್ಲಿಂದ ಮುಂದೆ ನನ್ನದೇ ದರ್ಬಾರು. ಅವಳ ಪುಸ್ತಕ ಎತ್ತಿ ಹಿಡಿಯುತ್ತೇನೆ. ಇವಳೊಬ್ಬಳೇ ಕಣ್ಣು ಬಿಟ್ಟು ನೋಡಿದ್ದಾಳೆ ಎನ್ನುತ್ತೇನೆ. ನೂರು ಏಕಲ್ಲ ಎಂದು ವಿವರಿಸುತ್ತೇನೆ. ತರಗತಿ ಚಪ್ಪಾಳೆ ತಟ್ಟುತ್ತದೆ. ನಾಲ್ಕಾರು ಮದುವೆಮನೆಗಳಲ್ಲಿ ಹೇಳಿದ ಮೇಲೆ ಆ ಚಪ್ಪಾಳೆ ಇನ್ನಷ್ಟು ಜೋರಾಯಿತು.

ವಿವರಣೆ ಮಾತ್ರ ಸುಳ್ಳಲ್ಲ. ನಮ್ಮೆಲ್ಲರ ತಲೆಯ ಮೇಲೆ ಗಾಳಿಯ ಒಂದು ದೊಡ್ಡ ಮೂಟೆ ಕೂತಿದೆ. ಹುಟ್ಟಿದಾಗಿನಿಂದ ಹೊತ್ತದ್ದರಿಂದ ಅದರ ಭಾರ ನಮಗೆ ಗೊತ್ತಾಗುವುದಿಲ್ಲ, ಪಾತ್ರೆಯ ನೀರಿಗೆ ಗೊತ್ತಾಗುತ್ತದೆ. ನೀರು ಆವಿಯಾಗಿ ಮೇಲೇಳಬೇಕಾದರೆ ಈ ಮೂಟೆಯನ್ನು ತಳ್ಳಿಕೊಂಡು ಏಳಬೇಕು. ಸಮುದ್ರದ ಪಕ್ಕದ ಮದ್ರಾಸಿನಲ್ಲಿ ಮೂಟೆ ಪೂರ್ತಿ ಇದೆ, ನೂರು ಡಿಗ್ರಿ ಆಗದೆ ನೀರಿಗೆ ಆ ಶಕ್ತಿ ಬಾರದು. ಬೆಂಗಳೂರು ಮೂರು ಸಾವಿರ ಅಡಿ ಮೇಲಿದೆ. ಅಷ್ಟು ಗಾಳಿ ಕೆಳಗೇ ಉಳಿದು ಮೂಟೆ ಹಗುರವಾಗಿದೆ. ಹಾಗಾಗಿ ನಮ್ಮ ನೀರು ತೊಂಬತ್ತೇಳರ ಆಸುಪಾಸಿನಲ್ಲೇ ಎದ್ದುಬಿಡುತ್ತದೆ. ಆಮೇಲೆ ಎಷ್ಟೇ ಉರಿ ಹಾಕಿ, ತೆರೆದ ಪಾತ್ರೆಯಲ್ಲಿ ಅದು ಇನ್ನೂ ಬಿಸಿಯಾಗದು, ಬೇಗ ಆವಿಯಾಗುತ್ತದೆ ಅಷ್ಟೆ. ಬೇಳೆಗೆ ಬೇಕಾದದ್ದು ಬಿಸಿಯೇ ಹೊರತು ಗುಳ್ಳೆಯಲ್ಲವಾದ್ದರಿಂದ ಅದು ಇಲ್ಲಿ ತುಸು ನಿಧಾನ. ದಂಡಿನ ಬ್ರಿಟಿಷ್ ದೊರೆಗಳು ತಂಪು ಹವೆಯೆಂದು ಈ ಎತ್ತರಕ್ಕೆ ಬಂದು ಬಂಗಲೆ ಕಟ್ಟಿಸಿದರು. ಅವರ ಅಡುಗೆಯವರು ಬೇಳೆ ಬೇಯದೆ ಯಾರನ್ನು ಬೈದುಕೊಂಡರೋ ತಿಳಿಯದು. ಓಣಿಯ ತುದಿಯಲ್ಲಿ ಇಡ್ಲಿ ಮಾರುತ್ತಿದ್ದ ಅಮುದಾಳ ತಾಯಿಯಂತೂ, "ಮೆಡ್ರಾಸಲ್ಲಿ ನಮ್ಮಕ್ಕನ ಮನೇಲಿ ಸಾಂಬಾರ್ ಬೇಳೆ ಬೇಗ ಬೇಯುತ್ತೆ ಮಿಸ್, ಇಲ್ಲಿ ಕಾರ್ಪೊರೇಷನ್ ನೀರೇ ಸರಿ ಇಲ್ಲ" ಎಂದು ನಲ್ಲಿಯ ಮೇಲೆ ತಪ್ಪು ಹೊರಿಸುತ್ತಿದ್ದಳು.

ಇಂದಿರಾನಗರಕ್ಕೆ ಮನೆ ಬದಲಾಯಿಸುವಾಗ ಹಳೆಯ ಡೈರಿ ಸಿಕ್ಕಿತು. ಡೈರಿ ಬರೆಯುವವರ ಕಷ್ಟವೇ ಇದು, ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಜೋಪಾನ ಮಾಡಿಟ್ಟಿರುತ್ತಾರೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ನಾಳೆ ಇನ್‌ಸ್ಪೆಕ್ಷನ್. ಅಮುದಾ 97 ಬರೆದಿದ್ದಳು. ನನ್ನ ರಬ್ಬರ್ ಕೊಟ್ಟು 100 ಮಾಡಿಸಿದೆ. ತಲೆನೋವು."

ಚಪ್ಪಾಳೆ ಇಲ್ಲ. ಎತ್ತಿ ಹಿಡಿದ ಪುಸ್ತಕವಿಲ್ಲ. ಎರಡು ಪುಟ ದಾಟಿದರೆ ಭಾನುವಾರ, "ಬೆಂಗಳೂರಿನ ಎತ್ತರಕ್ಕೆ 97 ಸರಿಯೇ. ಸೋಮವಾರ ಮಕ್ಕಳಿಗೆ ಹೇಳಬೇಕು." ಸೋಮವಾರದ ಪುಟದಲ್ಲಿ ಸೊಪ್ಪಿನ ಬೆಲೆ ಇದೆ. ಗಾಳಿಯ ಒತ್ತಡದ ಸಮೀಕರಣಗಳನ್ನು ಉರು ಹೊಡೆದು ಪಾಸಾದವಳಿಗೆ, ಅವು ಹಲಸೂರಿನ ಸ್ಪಿರಿಟ್ ದೀಪಕ್ಕೂ ಅನ್ವಯಿಸುತ್ತವೆ ಎಂದು ಹೊಳೆಯಲು ಮೂರು ದಿನ ಬೇಕಾಗಿತ್ತು. ಸೋಮವಾರ ಹೇಳಬೇಕೆಂದುಕೊಂಡದ್ದೇ ಕಾಲಾಂತರದಲ್ಲಿ ಹೇಳಿದೆ ಎಂದಾಗಿ, ಚಪ್ಪಾಳೆ ಆಮೇಲೆ ಸೇರಿಕೊಂಡಿತು.

ಅಂದಿನಿಂದ ಒಂದೇ ಪ್ರಶ್ನೆ ಕಾಡತೊಡಗಿತು. ತನ್ನ ಕಣ್ಣನ್ನು ನಂಬಿದ್ದ ಮಗುವಿಗೆ, ಅದನ್ನು ನಂಬಬೇಡವೆಂದು ಕಲಿಸಿ ಕಳುಹಿಸಿದೆನೇ? ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅದೇ ತರಗತಿಯ ಇನ್ನೊಬ್ಬಳು ಎದುರಾದಾಗ ಮೊದಲು ಕೇಳಿದ್ದೇ ಅಮುದಾ ಎಲ್ಲಿದ್ದಾಳೆ ಎಂದು. "ಅವಳಾ? ಅವಳೂ ಮಿಸ್ಸೇ ಆಗ್ಬಿಟ್ಳು, ಕೆ.ಆರ್. ಪುರದಲ್ಲಿ. ಅದೂ ಸೈನ್ಸ್!" ಎಂದಳು. ಎದೆ ಹಗುರಾಗಬೇಕಿತ್ತು, ಇನ್ನೂ ಭಾರವಾಯಿತು. ನನ್ನಿಂದ ಕಲಿತವಳು ಈಗ ವರ್ಷಕ್ಕೆ ನಲವತ್ತು ಮಕ್ಕಳ ಕೈಲಿ ನೂರು ಬರೆಸುತ್ತಿದ್ದರೆ?

ವಿಚಾರಿಸಿಕೊಂಡು ಒಂದು ಶನಿವಾರ ಹೊರಟೆ. ಕೆ.ಆರ್. ಪುರದ ತೂಗುಸೇತುವೆಯ ಬಳಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಕ್ಷಮೆ ಕೇಳಲು ಒಳ್ಳೆಯ ವಾಕ್ಯವೊಂದನ್ನು ಜೋಡಿಸಿಕೊಳ್ಳಲು ಅಷ್ಟು ಸಮಯ ಧಾರಾಳವಾಗಿತ್ತು. ಶಾಲೆಯ ವರಾಂಡದಲ್ಲಿ ಅಮುದಾಳನ್ನು ಕಂಡೊಡನೆ ಅದು ಮರೆತುಹೋಗಿ, "ತೊಂಬತ್ತೇಳು ನೆನಪಿದೆಯಾ?" ಎಂದುಬಿಟ್ಟೆ.

"ತೊಂಬತ್ತೇಳಲ್ಲ ಮಿಸ್, ತೊಂಬತ್ತಾರು," ಎಂದಳು ಅವಳು, ನಿನ್ನೆಯ ಮಾತಿನಂತೆ.

"ಡೈರಿಯಲ್ಲಿ ತೊಂಬತ್ತೇಳು ಅಂತ ಇದೆ ಕಣೇ."

"ಡೈರಿ ಬರೆದಿದ್ದು ನೀವು. ಥರ್ಮಾಮೀಟರ್ ನೋಡಿದ್ದು ನಾನು." ನಕ್ಕಳು. "ಇರಲಿ ಬಿಡಿ, ತೂತಂತೂ ಚೆನ್ನಾಗಿ ನೆನಪಿದೆ."

"ಯಾವ ತೂತು?"

"ನಿಮ್ಮ ಆ ಇಂಕ್ ರಬ್ಬರ್! ಉಜ್ಜಿ ಉಜ್ಜಿ ಹಾಳೆ ತೂತು ಬಿದ್ದೋಯ್ತಲ್ಲ. ಹಿಂದೆ ಬೇರೆ ಪೇಪರ್ ಅಂಟಿಸಿ ನೂರು ಬರೆದೆ. ಸಿಟ್ಟು ಬಂದಿತ್ತು ಮಿಸ್. ಅಮ್ಮನಿಗೆ ಹೇಳಿದ್ರೆ, 'ನೂರು ಆಗೋವರೆಗೂ ಕಾಯ್ಸಬೇಕಿತ್ತು, ನಿಮ್ಮ ಮಿಸ್‌ಗೆ ಅವಸರ' ಅಂದ್ರು. ಎಷ್ಟು ಕಾಯ್ಸಿದ್ರೆ ನೂರಾಗುತ್ತೆ ನೋಡ್ಬೇಕು ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡಿದ್ದೆ."

ಸಿಕ್ಕಿದ ಹುಲ್ಲುಕಡ್ಡಿಯನ್ನು ಬಿಡಬಾರದೆಂದು, "ಹಾಗಾದರೆ ನೀನು ಸೈನ್ಸ್ ಹಿಡಿದದ್ದು ನನ್ನಿಂದಲೇ ಅನ್ನು," ಎಂದೆ.

"ನಿಮ್ಮಿಂದ ಅಲ್ಲ, ನಿಮ್ಮ ಮೇಲಿನ ಸಿಟ್ಟಿಂದ. ಎರಡೂ ಬೇರೆ ಬೇರೆ, ಅಲ್ವಾ ಮಿಸ್?"

ಬೇರೆಯೇ. ಒಪ್ಪಿಕೊಂಡೆ. ಈ ಸಲ ನೀಟಾಗಿ ಕ್ಷಮೆಯನ್ನೂ ಕೇಳಿದೆ. ಅವಳು ನನ್ನ ತೋಳು ಹಿಡಿದು, "ಬನ್ನಿ, ಸೆವೆಂತ್‌ನಲ್ಲಿ ಇವತ್ತು ಅದೇ ನಡೀತಿದೆ" ಎಂದು ಒಳಗೆ ಕರೆದೊಯ್ದಳು.

ಒಳಗೆ ಐದು ಗುಂಪು, ಐದು ಬೀಕರು. ಬೋರ್ಡಿನ ಮೇಲೆ ಐದು ಉತ್ತರ: 97, 96, 97, 98, 100. ಅಮುದಾ ಕೊನೆಯ ಗುಂಪಿನತ್ತ ತಿರುಗಿ, "ಏನ್ರೋ, ನೂರು ನೋಡಿದ್ದಾ, ಓದಿದ್ದಾ?" ಎಂದಳು. ಗುಂಪು ಮುಖ ಮುಖ ನೋಡಿಕೊಂಡಿತು. "ಓದಿದ್ದು ಮಿಸ್," ಎಂದು ಒಂದು ದನಿ ಬಂತು, ಎಲ್ಲರೂ ಗೊಳ್ಳೆಂದರು. ಡಸ್ಟರು ಅವಳ ಕೈಯಲ್ಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವಳು ನೂರನ್ನು ಅಳಿಸಲಿಲ್ಲ. ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿ, "ಇನ್ನೊಂದ್ಸಲ ಕಾಯ್ಸಿ. ಈ ಮಿಸ್ ನೋಡಿ ಹೇಳ್ತಾರೆ" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು.

ನೀರು ಕುದಿಯಿತು. ಬಗ್ಗಿದೆ. ಕನ್ನಡಕಕ್ಕೆ ಆವಿ ಹಿಡಿಯಿತು, ಸೆರಗಿನಲ್ಲಿ ಒರೆಸಿ ಮತ್ತೆ ಬಗ್ಗಿದೆ. ತೊಂಬತ್ತೇಳು ಎಂದೇ ಕಂಡಿತು. ಆದರೆ ನಾನು ತೊಂಬತ್ತೇಳು ಕಾಣಲೆಂದೇ ಬಸ್ಸು ಹತ್ತಿ ಬಂದವಳು, ಪುಸ್ತಕ ನೋಡಿ ನೂರು ಬರೆದ ಮಕ್ಕಳಿಗಿಂತ ನಾನೇನು ಹೆಚ್ಚು? ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ಕಂಡ ಅಂಕಿ ಹೇಳದೆ ಜಾಗ ಬಿಟ್ಟು, "ನೀನು ನೋಡು" ಎಂದೆ.

ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ತೊಂಬತ್ತಾರೂವರೆ ಮಿಸ್."

"ಸರಿಯಾಗಿ ನೋಡಿದ್ಯಾ?"

"ಬೇಕಾದ್ರೆ ನೀವೇ ನೋಡಿ!"

ಆ ಸಂಜೆಯ ಡೈರಿಯಲ್ಲಿ ತೊಂಬತ್ತಾರೂವರೆ ಎಂದು ಬರೆದು, ಮುಂದೆ ಹೀಗೆ ಸೇರಿಸಿದೆ: ನೋಡಿದವಳು ನಾನಲ್ಲ. ಚಪ್ಪಾಳೆ ಯಾರೂ ತಟ್ಟಲಿಲ್ಲ.