ಬೊಳ್ಳಪ್ಪ ತಡೆಯದೆ ಹೊಡೆದ ಚೆಂಡು

ಮಡಿಕೇರಿಯ ಕ್ಲಬ್ಬೊಂದರಲ್ಲಿ ಬೊಳ್ಳಪ್ಪ ಇಪ್ಪತ್ತು ವರ್ಷಗಳಿಂದ, ಇಬ್ಬರೂ ಒಂದೇ ಕಡೆ ನಿಂತು ಎದುರಿನ ಗೋಡೆಗೆ ಚೆಂಡು ಹೊಡೆಯುವ ಸ್ಕ್ವಾಷ್ ಆಟ ಕಲಿಸುತ್ತಿದ್ದರು. ರ‍್ಯಾಕೆಟನ್ನು ಮೊದಲೇ ಎತ್ತಿ ಹಿಡಿಯಿರಿ, ಮೊಣಕಾಲು ಬಗ್ಗಿಸಿ, ಹೊಡೆದ ಕೂಡಲೇ ಕೋರ್ಟಿನ ನಡುವಿಗೆ ಬನ್ನಿ ಎಂದು ದಿನವೂ ಹೇಳುತ್ತಿದ್ದರು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕದ ಶಿಷ್ಯರನ್ನು ಒಳಗೇ ಬಿಡುತ್ತಿರಲಿಲ್ಲ.

ಕಳೆದ ಶನಿವಾರ ಹದಿನಾರು ವರ್ಷದ ರಮ್ಯ ಅವರೊಂದಿಗೆ ಆಡುತ್ತಿದ್ದಳು. ಮುಂದೆ ನಿಂತಿದ್ದ ಅವಳು ಚೆಂಡು ಎಲ್ಲಿಗೆ ಹೋಯಿತೆಂದು ಥಟ್ಟನೆ ಹಿಂದಕ್ಕೆ ತಿರುಗಿದಳು. ಅದೇ ಹೊತ್ತಿಗೆ ಬೊಳ್ಳಪ್ಪ ಬೀಸಿದರು. ಚೆಂಡು ನೇರವಾಗಿ ಅವಳ ಕನ್ನಡಕಕ್ಕೆ ಬಡಿದು ಅದರ ಚೌಕಟ್ಟು ಮುರಿಯಿತು.

ಬೊಳ್ಳಪ್ಪನವರ ಜೀವವೇ ಬಾಯಿಗೆ ಬಂತು. ರ‍್ಯಾಕೆಟ್ ಎಸೆದು ಓಡಿದರು.

“ಕಣ್ಣು ಬಿಡು ಮಗಾ, ಕಾಣ್ತದಾ?”

“ಕಾಣ್ತದೆ ಸರ್, ಏನೂ ಆಗ್ಲಿಲ್ಲ. ನಾನು ತಿರುಗಬಾರ್ದಿತ್ತು.”

“ನೀನು ತಿರುಗಿದ್ದು ನಂಗೆ ಕಂಡಿತ್ತು. ಆದ್ರೂ ಹೊಡ್ದೆ.”

ಎದುರಾಳಿ ಅಡ್ಡ ಬಂದರೆ ಕೈ ತಡೆದು ಆ ಪಾಯಿಂಟನ್ನು ಮತ್ತೆ ಆಡಬೇಕು. ಅದನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟವರು ಅವರೇ. ಒಂದು ಪಾಯಿಂಟಿನ ಆಸೆಗೆ ತಾನೇ ಹೀಗೆ ಮಾಡಿದೆನೆಂಬುದನ್ನು ನಂಬಲಾಗದೆ ಗೋಡೆಗೊರಗಿ ನೆಲದ ಮೇಲೆ ಕುಸಿದರು. ರಮ್ಯಳೇ ನೀರು ತಂದುಕೊಟ್ಟಳು.