ಮೂರನೇ ಔಟ್ ಆಗದೆ ಉಳಿದ ಪಂದ್ಯ

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ದಿಲ್ಲಿಯ ಲೋಧಿ ಕಾಲೋನಿಯ ನಮ್ಮ ಬ್ಲಾಕಿನಲ್ಲಿ ಯಾರ ಮನೆಯ ಫೋನ್ ರಿಂಗಾದರೂ ಎದುರು ಮನೆಗೆ ಕೇಳಿಸುತ್ತಿತ್ತು. ಎರಡು ಸಾವಿರದ ಎರಡರ ಆ ಬೇಸಿಗೆಯಲ್ಲಂತೂ ನಮ್ಮ ಫೋನ್ ರಿಂಗಾದರೆ ಸಾಕು, ಎದುರು ಮನೆಯ ಸರ್ದಾರ್ಜಿ ಅಂಕಲ್ ಚಹಾದ ಲೋಟ ಹಿಡಿದುಕೊಂಡೇ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದರು. ನನ್ನ ಅಪ್ಪ ಗಡಿಯಲ್ಲಿದ್ದುದು ಬೀದಿಗೆಲ್ಲ ಗೊತ್ತಿತ್ತು.

ನಮ್ಮದು ಸೋಮವಾರಪೇಟೆ ಕಡೆಯ ಕುಟುಂಬ. ಅಪ್ಪ ಸೈನ್ಯದಲ್ಲಿ ಸುಬೇದಾರ್, ಅಮ್ಮ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಕ್ವಾರ್ಟರ್ಸ್ ಇದ್ದದ್ದು ಅಮ್ಮನ ಹೆಸರಿನಲ್ಲಿ. ಚಳಿಗಾಲದಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಅಪ್ಪನ ದಳವನ್ನು ರಾಜಸ್ಥಾನದ ಮರಳಿಗೆ ಕಳಿಸಿದ್ದರು. ಭಾನುವಾರ ಬೆಳಿಗ್ಗೆ ಅಮ್ಮ ಅಕ್ಕಿ ರೊಟ್ಟಿ ತಟ್ಟುವ ಹೊತ್ತಿಗೆ ಅಪ್ಪನ ಫೋನ್ ಬರುತ್ತಿತ್ತು. ಮೇ ತಿಂಗಳ ನಡುವೆ ಅದು ನಿಂತುಹೋಯಿತು. ಟಿ.ವಿ.ಯಲ್ಲಿ ದಿನವಿಡೀ ಯುದ್ಧದ ಮಾತು. ಅಮ್ಮ ಸುದ್ದಿ ಶುರುವಾದರೆ ಟಿ.ವಿ. ಆರಿಸುವಳು, ಐದು ನಿಮಿಷ ತಡೆಯಲಾಗದೆ ಮತ್ತೆ ಹಾಕುವಳು. ಕೂಲರಿನ ಲಾವಂಚದ ವಾಸನೆಯ ಜೊತೆಗೆ ಆ ಸುದ್ದಿವಾಚಕರ ದನಿ ಇವತ್ತಿಗೂ ನನ್ನ ನೆನಪಿನಲ್ಲಿ ಬೆರೆತೇ ಇದೆ.

ಆ ದಿನಗಳಲ್ಲಿ ನಾನು ಉಸಿರಾಡಿದ್ದು ಸಂಜೆ ಮಾತ್ರ, ಪಾರ್ಕಿನಲ್ಲಿ, ರೂತ್ ಆಂಟಿಯ ಜೊತೆ.

ರೂತ್ ಆಂಟಿ ಕೆನಡಾದವರು. ಗಂಡ ನೀರಿನ ಯೋಜನೆಯೊಂದರಲ್ಲಿ ಕೆಲಸಕ್ಕೆ ಬಂದಿದ್ದರು, ಅವರ ಮನೆ ಪಕ್ಕದ ಜೋರ್ ಬಾಗ್ ಬಡಾವಣೆಯಲ್ಲಿ. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ದೇಹ, ಕತ್ತರಿಸಿದ ಬಿಳಿ ಕೂದಲು. ಅವರ ಅಜ್ಜ ಜಪಾನಿನಿಂದ ಹೋದವರಾದ್ದರಿಂದ ಮುಖವೂ ಹಾಗೇ ಇತ್ತು. ತರಕಾರಿ ಭಯ್ಯಾ ಅವರನ್ನು “ಚೀನಿ ಮೇಡಂ” ಎಂದು ಕರೆಯುತ್ತಿದ್ದ. ಅವರು ನಕ್ಕು “ಕೆನಡಾ, ಭಯ್ಯಾ, ಕೆನಡಾ” ಎಂದು ತಿದ್ದುವರು. ಮರುದಿನ ಮತ್ತೆ ಅದೇ ಚೀನಿ ಮೇಡಂ.

ಹಿಂದಿನ ಆಗಸ್ಟಿನಲ್ಲಿ ಬೇವಿನ ಮರಕ್ಕೆ ಸಿಕ್ಕಿಕೊಂಡಿದ್ದ ಗಾಳಿಪಟವನ್ನು ನಾನು ಕಲ್ಲೆಸೆದು ಬೀಳಿಸಿದ್ದನ್ನು ಅವರು ನೋಡಿದ್ದರು. “ಇನ್ನೊಂದು ಸಲ ಎಸಿ, ಹುಡುಗಿ” ಎಂದರು. ಎಸೆದೆ. ಮರುದಿನ ಬಿಳಿ ಚರ್ಮದ, ಕೆಂಪು ಹೊಲಿಗೆಯ ಚೆಂಡೊಂದನ್ನು ತಂದು ನನ್ನ ಬೆರಳುಗಳನ್ನು ಆ ಹೊಲಿಗೆಯ ಮೇಲೆ ಒಂದೊಂದಾಗಿ ಕೂರಿಸಿದರು. ಹಾಗೆ ನಮ್ಮ ಬೇಸ್‌ಬಾಲ್ ಶುರುವಾಯಿತು. ಸರ್ದಾರ್ಜಿ ಅಂಕಲ್ ಮಗಳು ಗುರ್‌ಪ್ರೀತ್ ನನ್ನ ಚೆಂಡು ಹಿಡಿಯುವ ಕ್ಯಾಚರ್ ಆದಳು. ಬ್ಲಾಕಿನ ಹುಡುಗಿಯರು ಒಬ್ಬೊಬ್ಬರಾಗಿ ಸೇರಿ ಒಂದು ತಂಡವಾಯಿತು. ಹಳೇ ಅಕ್ಕಿ ಚೀಲಕ್ಕೆ ಮರಳು ತುಂಬಿ ಹೊಲಿದು, ಒಂದೊಂದಾಗಿ ಮುಟ್ಟಿ ಸುತ್ತಿ ಬಂದರೆ ಒಂದು ರನ್ ಸಿಗುವ ನಾಲ್ಕು ಬೇಸ್‌ಗಳನ್ನು ಮಾಡಿಕೊಂಡೆವು. ಗ್ಲೌಸಿನ ಚರ್ಮ ಮೆತ್ತಗಾಗಲೆಂದು ಗುರ್‌ಪ್ರೀತಳ ಮನೆಯ ಸಾಸಿವೆ ಎಣ್ಣೆ ತಿಕ್ಕುತ್ತಿದ್ದೆವು. ಕೈ ಮೂಸಿದರೆ ಉಪ್ಪಿನಕಾಯಿಯ ವಾಸನೆ.

ಆಟ ಮುಗಿದ ಮೇಲೆ ಶಿಕಂಜಿ, ಅಂದರೆ ನಿಂಬೆ ಪಾನಕ, ಕುಡಿಯುತ್ತ ಅವರು ಕಥೆ ಹೇಳುವರು. ಅವರದು ಇಂಗ್ಲಿಷು, ನಡುವೆ ತುಂಡು ಹಿಂದಿ. ನೆನಪಿನಲ್ಲಿ ಮಾತ್ರ ಅದೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ. “ಇದು ತಮ್ಮ ಆಟ ಅಂತಾರೆ ಅಮೆರಿಕದವರು. ಅವರು ಹೇಳ್ಕೊಳ್ಳೋ ಕಥೆಗಿಂತ ಒಂದು ವರ್ಷ ಮೊದಲೇ ನಮ್ಮ ಕೆನಡಾದ ಒಂದು ಹಳ್ಳಿಯಲ್ಲಿ ಆಡಿದ್ರು, ಗೊತ್ತಾ?” ಎಂದು ಹುಬ್ಬು ಹಾರಿಸುವರು. ಗೋಧಿ ಬೆಳೆಯುವ ಬಯಲುಸೀಮೆಯ ರೈತರ ಹೆಣ್ಣುಮಕ್ಕಳು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಹೋಗಿ ಹೆಂಗಸರ ತಂಡಗಳಲ್ಲಿ ಆಡಿದ್ದರಂತೆ. ಗಿಡ್ಡ ಲಂಗ ತೊಟ್ಟುಕೊಂಡೇ ನೆಲದ ಮೇಲೆ ಜಾರಿ ಬೇಸ್ ಮುಟ್ಟಬೇಕಿತ್ತಂತೆ, ತೊಡೆಯೆಲ್ಲ ತರಚಿ ರಕ್ತ. “ನಿಮ್ಮ ಸಲ್ವಾರೇ ವಾಸಿ” ಎನ್ನುವರು.

ಅವರ ಅಪ್ಪನೂ ಆಟಗಾರರು. ವ್ಯಾಂಕೂವರಿನಲ್ಲಿ ಜಪಾನಿ ಮೂಲದ ಹುಡುಗರದೇ ಒಂದು ತಂಡವಿತ್ತು. ಎದುರಾಳಿಗಳು ಆರಡಿ ಎತ್ತರದ ಮರ ಕಡಿಯುವವರು. ಇವರು ಗಿಡ್ಡ ಆಳುಗಳು, ಚೆಂಡನ್ನು ದೂರ ಬಾರಿಸಲಾರರು. ಅದಕ್ಕೇ ಬ್ಯಾಟಿನಿಂದ ಮೆಲ್ಲಗೆ ತಟ್ಟಿ, ಚೆಂಡು ಕಾಲಬುಡದಲ್ಲೇ ಉರುಳುತ್ತಿರುವಾಗ ಓಡಿಬಿಡುತ್ತಿದ್ದರು. ಆಮೇಲೆ ಜಪಾನಿನೊಂದಿಗೆ ಯುದ್ಧ ಬಂತು. ಕೆನಡಾದಲ್ಲೇ ಹುಟ್ಟಿದವರನ್ನೂ ಶತ್ರುಗಳೆಂದು ಬಗೆದು, ಮನೆ, ದೋಣಿ ಎಲ್ಲ ಕಿತ್ತುಕೊಂಡು ಬೆಟ್ಟಗಳ ನಡುವಿನ ಶಿಬಿರಗಳಿಗೆ ಅಟ್ಟಿದರು. ಆ ತಂಡ ಮತ್ತೆಂದೂ ಒಟ್ಟಾಗಿ ಆಡಲಿಲ್ಲ. ರೂತ್ ಆಂಟಿ ಹುಟ್ಟಿದ್ದೇ ಶಿಬಿರದಲ್ಲಿ. ಹೊಳೆಯಾಚೆಯ ಊರಿಗೆ ಇವರು ಕಾಲಿಡುವಂತಿರಲಿಲ್ಲ. ಶಿಬಿರದಲ್ಲಿ ಆಡುವುದನ್ನು ನೋಡಿದ ಊರಿನ ಪೊಲೀಸನೊಬ್ಬ “ನಮ್ಮ ಊರಿನವರ ಜೊತೆಗೂ ಒಂದು ಪಂದ್ಯ ಆಡ್ತೀರಾ?” ಎಂದು ಕೇಳಿದನಂತೆ. ಆಡಿದರು. ಆಮೇಲೆ ಸೇತುವೆ ದಾಟಲು ಯಾರೂ ಅಡ್ಡಿ ಮಾಡಲಿಲ್ಲ.

“ಯಾರು ಗೆದ್ರು?” ಎಂದು ಗುರ್‌ಪ್ರೀತ್ ಕೇಳಿದ್ದಳು.

“ನಮ್ಮಪ್ಪ ಅದನ್ನ ಹೇಳಲೇ ಇಲ್ಲ.”

ಜೂನ್ ಮೊದಲ ವಾರ ವಿದೇಶಿಯರು ದೇಶ ಬಿಟ್ಟು ಹೊರಡಬೇಕೆಂದು ಅವರವರ ಸರ್ಕಾರಗಳು ಹೇಳತೊಡಗಿದವು. ಜೋರ್ ಬಾಗಿನ ಗೇಟುಗಳ ಮುಂದೆ ಪೆಟ್ಟಿಗೆ ಹೇರಿಕೊಂಡ ಟ್ಯಾಕ್ಸಿಗಳು ನಿಲ್ಲುತ್ತಿದ್ದವು. ಒಂದು ಸಂಜೆ ರೂತ್ ಆಂಟಿ ಚೆಂಡು ಹೊರಗೆ ತೆಗೆಯದೆ ನಮ್ಮನ್ನು ಕೂರಿಸಿಕೊಂಡರು.

“ಭಾನುವಾರ ನಾನು ಹೋಗಬೇಕು. ಗಂಡನ ಆಫೀಸಿನ ಆರ್ಡರು.”

“ವಾಪಸ್ ಬರ್ತೀರಿ ತಾನೆ?” ಎಂದೆ.

“ಅವತ್ತು ನಮ್ಮಪ್ಪನಿಗೆ ‘ನೀನೇ ಅಪಾಯ, ಹೊರಡು’ ಅಂದ್ರು. ಇವತ್ತು ನನಗೆ ‘ನಿಂಗೆ ಅಪಾಯ, ಹೊರಡು’ ಅಂತಿದ್ದಾರೆ. ಪೆಟ್ಟಿಗೆ ಕಟ್ಟೋದು ಮಾತ್ರ ತಪ್ಪಲಿಲ್ಲ” ಎಂದರು. ಆಮೇಲೆ ಅಂಗೈ ಒರೆಸಿಕೊಂಡು ಎದ್ದರು. “ಶನಿವಾರ ಬೆಳಿಗ್ಗೆ ಪಂದ್ಯ. ಚಾಣಕ್ಯಪುರಿ ಕಡೆಯ ಹುಡುಗಿಯರು ಬರ್ತಾರೆ. ಅವರಲ್ಲೂ ಯಾರು ಉಳಿದಿದ್ದಾರೋ ಅವರು.”

ಬಂದವರು ವಿದೇಶಿ ಮಕ್ಕಳ ಶಾಲೆಯೊಂದರ ಹುಡುಗಿಯರು, ಜೊತೆಗೊಬ್ಬ ಮೇಷ್ಟರು. ಬಿಸಿಲೇರುವ ಮುಂಚೆ ಮುಗಿಯಲೆಂದು ಆರಕ್ಕೇ ಶುರು. ಅವರ ತಂಡದ ಕೆಲವರು ಆಗಲೇ ವಿಮಾನ ಹತ್ತಿಯಾಗಿತ್ತು. ರೂತ್ ಆಂಟಿ ನಮ್ಮಲ್ಲಿ ಹೆಚ್ಚಾಗಿದ್ದವರನ್ನೇ ಆ ಕಡೆಗೆ ಕೊಟ್ಟರು. ಅವರ ಮೇಷ್ಟರೇ ಅಂಪೈರ್. ಮನೆಯಿಂದ ಹೊರಡುವಾಗ ಅಮ್ಮ ಫೋನಿನ ಪಕ್ಕ ಕುಳಿತೇ ಸೊಪ್ಪು ಬಿಡಿಸುತ್ತಿದ್ದಳು. “ಗೆದ್ದು ಬಾ” ಎಂದಳಾದರೂ ಕಣ್ಣು ಇದ್ದದ್ದು ಫೋನಿನ ಮೇಲೆ.

ನಾನು ಆವತ್ತಿನಷ್ಟು ಚೆನ್ನಾಗಿ ಮತ್ತೆಂದೂ ಎಸೆದಿಲ್ಲ. ಕೊನೆಯ ಸರದಿಗೆ ಬಂದಾಗ ನಾವು ಒಂದು ರನ್ ಮುಂದಿದ್ದೆವು. ಅವರ ಇಬ್ಬರನ್ನು ಔಟ್ ಮಾಡಿಯಾಗಿತ್ತು. ಮೂರನೆಯವಳು ಔಟಾದರೆ ಪಂದ್ಯ ನಮ್ಮದು. ಹಣೆಯ ಬೆವರು ಒರೆಸಲು ತಲೆ ಎತ್ತಿದೆ.

ನೇರಳೆ ಮರದ ಕೆಳಗೆ ಅಮ್ಮ ನಿಂತಿದ್ದಳು. ಪಕ್ಕದಲ್ಲಿ ಸಮವಸ್ತ್ರದ ಒಬ್ಬ ಸೈನಿಕ, ಟೋಪಿ ಕೈಯಲ್ಲಿ ಹಿಡಿದುಕೊಂಡು.

ಸೈನ್ಯದ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಜೆಯ ಸುದ್ದಿಯಾದರೆ ಫೋನ್ ಬರುತ್ತದೆ. ಮನುಷ್ಯ ಬಂದ ಎಂದರೆ ಅದು ಬೇರೆ ಸುದ್ದಿ. ಅಮ್ಮ ನನ್ನನ್ನು ಕರೆಯಲಿಲ್ಲ. ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಸುಮ್ಮನೆ ನಿಂತಿದ್ದಳು. ಆಟ ಮುಗಿಯಲೆಂದು ಕಾಯುತ್ತಿದ್ದಾಳೆ ಎನ್ನಿಸಿತು.

ಹಾಗಾದರೆ ಆಟ ಮುಗಿಯಬಾರದು.

ಈ ಆಟಕ್ಕೆ ಗಡಿಯಾರವಿಲ್ಲ. ಕತ್ತಲಾಗುವ ತನಕವೂ ನಡೆಯಬಹುದು, ಮೂರನೇ ಔಟ್ ಆಗದಿದ್ದರೆ ಸಾಕು. ನಾನು ಚೆಂಡನ್ನು ಬೇಕೆಂದೇ ಹೊರಗೆ ಎಸೆದೆ. ಮತ್ತೆ ಹೊರಗೆ. ಅಂಥ ನಾಲ್ಕು ಎಸೆತ ಬಿದ್ದರೆ ಬ್ಯಾಟ್ ಹಿಡಿದವಳಿಗೆ ಬೇಸ್ ಪುಕ್ಕಟೆ. ಒಬ್ಬಳು ನಡೆದು ಹೋದಳು. ಇನ್ನೊಬ್ಬಳೂ ಹಾಗೇ ಹೋದಳು. ಗುರ್‌ಪ್ರೀತ್ ಮುಖದ ಜಾಲರಿ ಎತ್ತಿ, ಏನು ಮಾಡ್ತಿದ್ದೀಯೇ ಎಂದು ಕೂಗಿದಳು, “ಕ್ಯಾ ಕರ್ ರಹೀ ಹೈ, ಯಾರ್?” ನನಗೆ ಅವಳ ಗ್ಲೌಸ್ ಕಾಣುತ್ತಲೇ ಇರಲಿಲ್ಲ. ಮೂರನೆಯವಳೂ ನಡೆದಳು. ಮೂರೂ ಬೇಸುಗಳು ತುಂಬಿದವು. ಇನ್ನೊಬ್ಬಳನ್ನು ಹಾಗೆ ಬಿಟ್ಟರೆ ಮೂರನೇ ಬೇಸಿನವಳು ಸುತ್ತು ಮುಗಿಸಿ ಒಂದು ರನ್, ಲೆಕ್ಕ ಸಮ. ಆಗಲಿ, ಇನ್ನೂ ಒಳ್ಳೆಯದೇ, ಆಟ ಬೆಳೆಯುತ್ತದೆ. ಮರದ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ರೂತ್ ಆಂಟಿ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು.

“ತೋಳು ನೋಯ್ತಿದೆಯಾ?”

ಇಲ್ಲ ಎಂದು ತಲೆಯಾಡಿಸಿದೆ.

“ಮತ್ತೆ?”

“ಆಟ ಮುಗಿದ್ರೆ ಅಮ್ಮ ಹೇಳಿಬಿಡ್ತಾಳೆ” ಎಂದೆ. ಯಾವ ಭಾಷೆಯಲ್ಲಿ ಹೇಳಿದೆನೋ ಗೊತ್ತಿಲ್ಲ.

ಅವರು ಮರದ ಕಡೆ ತಿರುಗಿ ನೋಡಿದರು. ಅಮ್ಮನನ್ನೂ ಆ ಸೈನಿಕನನ್ನೂ ಕಂಡರು. ಬೆವರಿನಿಂದ ಒದ್ದೆಯಾಗಿದ್ದ ಚೆಂಡನ್ನು ನನ್ನ ಮುಷ್ಟಿಯಿಂದ ಬಿಡಿಸಿಕೊಂಡರು.

“ಹೋಗಿ ಕೇಳ್ಕೊಂಡು ಬಾ.”

“ಪಂದ್ಯ?”

“ಕಾಯುತ್ತೆ. ನಾವೆಲ್ಲ ಇಲ್ಲೇ ಇರ್ತೀವಿ.”

ಹೊರಟೆ. ಆ ಪಾರ್ಕು ಅಷ್ಟೊಂದು ಉದ್ದವಿತ್ತೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಹತ್ತಿರ ಹೋದಾಗ ಮೊದಲು ಕಂಡದ್ದು ಅಮ್ಮನ ಕಾಲು. ಒಂದರಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ನನ್ನದು.

“ಇದ್ದಾರೆ” ಎಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ. ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು. “ಅಪ್ಪ ಇದ್ದಾರೆ ಕಾವೇರಿ. ಕೇಳಿಸ್ತಾ? ಜೀವಕ್ಕೇನೂ ಇಲ್ಲ. ಕಾಲು... ಒಂದು ಪಾದ ಹೋಗಿದೆ.”

ಆ ಸೈನಿಕ ಅಪ್ಪನ ದಳದ ಹವಾಲ್ದಾರ. ಮೊಣಕಾಲೂರಿ ನನ್ನ ಎತ್ತರಕ್ಕೆ ಕುಳಿತು ಹಿಂದಿಯಲ್ಲಿ ವಿವರಿಸಿದರು. ನೆಲದಡಿ ಹೂತಿದ್ದ ಸಿಡಿಮದ್ದಿನ ಮೈನು, ಗಾಳಿಗೆ ಮರಳು ಸರಿದಾಗ ತಾನೂ ಜಾಗ ಬಿಟ್ಟು ಸರಿದಿತ್ತು. ಮುಂದೆ ನಡೆಯುತ್ತಿದ್ದ ಅಪ್ಪನ ಬಲಗಾಲು ಅದರ ಮೇಲೆ ಬಿತ್ತು. ಈಗ ದಿಲ್ಲಿ ಕಂಟೋನ್ಮೆಂಟಿನ ಮಿಲಿಟರಿ ಆಸ್ಪತ್ರೆಗೆ ಕರೆತಂದಿದ್ದಾರೆ. ಪ್ರಜ್ಞೆ ಇದೆ, ಮಾತಾಡುತ್ತಿದ್ದಾರೆ. “ಸಾಬ್ ನಿನ್ನನ್ನೇ ಕೇಳ್ತಿದ್ದಾರೆ, ಬಿಟಿಯಾ.”

“ನನ್ನ ಯಾಕೆ ಕರೀಲಿಲ್ಲ?” ಎಂದು ಅಮ್ಮನ ಮೇಲೆ ಸಿಡುಕಿದೆ. ಅಳು ಅದರ ಹಿಂದೆಯೇ ಬಂತು.

“ಬಾಯಿ ಬರಲಿಲ್ಲ ಮಗಾ. ಇನ್ನೊಂದು ಚೂರು ಹೊತ್ತು ನಿಂಗೆ ಗೊತ್ತಾಗೋದು ಬೇಡ ಅನ್ನಿಸ್ತು.”

ನಾನು ತಿರುಗಿ ನೋಡಿದೆ. ರೂತ್ ಆಂಟಿ ಚೆಂಡು ಹಿಡಿದು ಮೈದಾನದ ನಡುವೆ ನಿಂತೇ ಇದ್ದರು. ಎರಡೂ ತಂಡದ ಹುಡುಗಿಯರು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಬಿಸಿಗಾಳಿ ಧೂಳೆಬ್ಬಿಸುತ್ತಿತ್ತು. ಯಾರೂ ನೆರಳಿಗೆ ಹೋಗಿರಲಿಲ್ಲ, ನೀರು ಕುಡಿದಿರಲಿಲ್ಲ. ಹೆಸರೂ ಗೊತ್ತಿಲ್ಲದ ಕೆಂಗೂದಲ ಹುಡುಗಿಯೊಬ್ಬಳು ಮೂರನೇ ಬೇಸಿನ ಮೇಲೆ ಎರಡೂ ಕಾಲಿಟ್ಟು, ಟೋಪಿ ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಆಡುವ ಮಾತೇ ಇರಲಿಲ್ಲ. ಸುದ್ದಿ ಕೇಳಿದ ರೂತ್ ಆಂಟಿ ಚೆಂಡನ್ನು ಗುರ್‌ಪ್ರೀತಳ ಕೈಗಿಟ್ಟು, ತಮ್ಮ ಕಾರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಮರುದಿನ ದೇಶ ಬಿಡಬೇಕಾದವರು ಸಂಜೆಯ ತನಕ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿದ್ದರು. ಅಮ್ಮ ಎಷ್ಟು ಹೇಳಿದರೂ ಏಳಲಿಲ್ಲ.

ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕಿವಿಯ ಮಡಿಕೆಗಳಲ್ಲಿ ಇನ್ನೂ ಮರಳಿತ್ತು. ಅಮ್ಮ ಒದ್ದೆ ಬಟ್ಟೆಯಿಂದ ಅದನ್ನೇ ಒರೆಸಿದಳು, ಹೊದಿಕೆಯ ಕೆಳಭಾಗದ ಕಡೆ ನೋಡದೆ.

“ಮ್ಯಾಚ್ ಇತ್ತಂತೆ?” ಅಪ್ಪನ ದನಿ ತುಂಬ ಸಣ್ಣಗಿತ್ತು. “ಗೆದ್ಯಾ?”

“ಮುಗೀಲಿಲ್ಲ ಅಪ್ಪ.”

“ಅಯ್ಯೋ, ಹಾಗೇ ಬಿಟ್ಟು ಬಂದ್ಯಾ?” ಎಂದು ನಗಲು ಹೋದರು. ಆಗದೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭಾನುವಾರ ಸಂಜೆ ರೂತ್ ಆಂಟಿ ಹೊರಟರು. ಟ್ಯಾಕ್ಸಿ ಹತ್ತುವ ಮುಂಚೆ ನನ್ನ ಬಲತೋಳನ್ನು ಹೆಗಲಿನಿಂದ ಮಣಿಕಟ್ಟಿನವರೆಗೆ ಒಮ್ಮೆ ಒತ್ತಿ ನೋಡಿದರು, ಪ್ರತಿ ಪಂದ್ಯದ ಕೊನೆಗೂ ಮಾಡುತ್ತಿದ್ದಂತೆ. “ಅಪ್ಪನ್ನ ನೋಡ್ಕೋ” ಎಂದರು. ಅಷ್ಟೇ.

ಯುದ್ಧ ಬರಲೇ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ ಸೈನ್ಯ ಹಿಂದೆ ಸರಿಯಿತು. ಅಪ್ಪ ಪುಣೆಯಲ್ಲಿ ಕೃತಕ ಪಾದ ಹಾಕಿಸಿಕೊಂಡು, ಕೋಲು ಹಿಡಿದು ಮೆಟ್ಟಿಲು ಹತ್ತಿ ಮನೆಗೆ ಬಂದರು. ರೂತ್ ಆಂಟಿಯ ಗಂಡನಿಗೆ ಬೇರೆ ದೇಶಕ್ಕೆ ಕೆಲಸ ಬದಲಾಯಿತು, ಅವರು ದಿಲ್ಲಿಗೆ ಮರಳಲಿಲ್ಲ. ಗುರ್‌ಪ್ರೀತಳ ತಂದೆಗೆ ಲಖನೌಗೆ ವರ್ಗವಾಯಿತು. ಎರಡು ವರ್ಷದ ಮೇಲೆ, ಕೆನಡಾದ ಮಾಂಟ್ರಿಯಲ್ ನಗರದ ಹಳೆಯ ಬೇಸ್‌ಬಾಲ್ ತಂಡವನ್ನು ಅಮೆರಿಕಕ್ಕೆ ಸಾಗಿಸುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಕಂಡಿತು. ಯಾರಿಗಾದರೂ ಹೇಳೋಣವೆಂದು ಪೇಪರ್ ಹಿಡಿದು ಎದ್ದೆ. ಹೇಳಲು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

ಈಗ ನಾನು ಗುರುಗ್ರಾಮದಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಹೋದ ಸುದ್ದಿ ಮೊಬೈಲಿಗೆ ಬಂದಾಗ ಮೀಟಿಂಗಿನಲ್ಲಿದ್ದೆ. ಎದ್ದು ಹೊರಗೆ ಹೋಗಿ, ಅಮ್ಮನೊಡನೆ ಮಾತಾಡಿ, ಬ್ಯಾಗ್ ತೆಗೆದುಕೊಳ್ಳಲು ಒಳಗೆ ಬಂದೆ. ಪರದೆಯ ಮೇಲೆ ಆಗಲೇ ಬೇರೆ ಚಿತ್ರವಿತ್ತು. ಒಬ್ಬರು ದನಿ ತಗ್ಗಿಸಿ “ಸೋ ಸಾರಿ” ಎಂದರು, ಮತ್ತೊಬ್ಬರು ಬಾಗಿಲು ತೆರೆದು ಹಿಡಿದರು. ಮಾತು ಮುಂದುವರಿಯಿತು. ಅವರದು ತಪ್ಪೇನಿಲ್ಲ, ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಲಿಫ್ಟಿನಲ್ಲಿ ಇಳಿಯುವಾಗ ಮಾತ್ರ ಆ ಕೆಂಗೂದಲ ಹುಡುಗಿ ಕಣ್ಣ ಮುಂದೆ ಬಂದಳು. ನಾನು ನಡೆದು ಹೋಗಿ, ಕೇಳಿ, ಅತ್ತು ಮುಗಿಸುವವರೆಗೂ ಅವಳು ಆ ಬಿಸಿಲಿನಲ್ಲಿ ಟೋಪಿ ಹಾಕಿಕೊಂಡಿರಲಿಲ್ಲ.