ಅಗಿಯಬೇಕಿದ್ದ ಮುದ್ದೆ

ಅಥವಾ ಅಕ್ಕ ಊಟಕ್ಕೆ ಬಂದಿದ್ದ ಆ ದಿನ ಅಮ್ಮ ಮಾಡಿದ್ದು ಮುದ್ದೆಯೇ ಅಲ್ಲವೇನೋ. ಅವರೆಕಾಯಿ ಕಾಲ, ಕುಣಿಗಲ್ಲಿನ ಮನೆ, ಮಧ್ಯಾಹ್ನ. ಇಷ್ಟಿದ್ದರೆ ಸಾಕು, ನೆನಪು ತಾನೇ ಮುದ್ದೆ ಕಟ್ಟಿ ತಟ್ಟೆಗೆ ಹಾಕಿಬಿಡುತ್ತದೆ. ಆದರೂ ಮುದ್ದೆ ಎಂದೇ ಬರೆಯುತ್ತೇನೆ. ಅಮ್ಮನೂ ಹಾಗೆಯೇ ಹೇಳುತ್ತಾಳೆ.

ಅದರ ಹಿಂದಿನ ವರ್ಷ ಅಕ್ಕ ತೂಕ ಇಳಿಸಲೆಂದು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡಿದ್ದಳು. ಗುಬ್ಬಿಯ ಶಾಲೆಯಲ್ಲಿ ಟೀಚರ್ ಅವಳು. ಶುಗರ್ ಇತ್ತು, ಮಂಡಿನೋವಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಜಠರದ ಮೇಲ್ಭಾಗಕ್ಕೆ ಸಿಲಿಕೋನಿನ ಉಂಗುರ, ಅದರಿಂದ ಹೊರಟ ಸಣ್ಣ ಕೊಳವೆ, ಚರ್ಮದ ಕೆಳಗೆ ಒಂದು ಬಿಲ್ಲೆ. ಬಿಲ್ಲೆಗೆ ಸೂಜಿ ಚುಚ್ಚಿ ನೀರು ತುಂಬಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಒಮ್ಮೆ ನನ್ನ ಬೆರಳು ಹಿಡಿದು ಸೀರೆಯ ಮೇಲಿನಿಂದಲೇ ಅದನ್ನು ಮುಟ್ಟಿಸಿದ್ದಳು. ಕೈ ಸಣ್ಣಗಾಗಿ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಖುಷಿಯಲ್ಲಿದ್ದಳು.

ಏನು ತಿಂದರೂ ನುಣ್ಣಗೆ ಅಗಿಯಬೇಕು, ಇಲ್ಲದಿದ್ದರೆ ಉಂಗುರದ ಹತ್ತಿರ ಸಿಕ್ಕಿಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಮುದ್ದೆಯನ್ನು ನಮ್ಮಲ್ಲಿ ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ನಮಗೆ ಕಲಿಸಿದ್ದೇ ಅಮ್ಮ. ಅಂದು ಅಕ್ಕ ಅಗಿಯುತ್ತಿದ್ದಳು. ಹಲ್ಲಿಗೆಲ್ಲ ಮೆತ್ತಿಕೊಂಡಿತ್ತು.

"ಹೊಟ್ಟೆಗೆ ಬೀಗ ಹಾಕ್ಸ್ಕೊಂಡ್ ಬಂದವ್ಳೆ," ಅಂದಳು ಅಮ್ಮ. "ಮುದ್ದೆ ಅಗಿಯೋದ್ ಯಾರೇ ಕಲ್ಸಿದ್ದು ನಿಂಗೆ? ಬಬಲ್‌ಗಮ್ಮೇನೇ ಅದು?"

ನಾನು ನಕ್ಕೆ. ಅಕ್ಕನೂ ನಕ್ಕಳು, ಇಲ್ಲವೇ ಅವಳ ನಗುವನ್ನು ನಾನು ಆಮೇಲೆ ಸೇರಿಸಿದೆ. ಮುಂದಿನ ತುತ್ತನ್ನು ನುಂಗಿದಳು. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಹಿತ್ತಲಿಗೆ ಎದ್ದುಹೋದಳು. ಬಟ್ಟೆ ಒಗೆಯುವ ಕಲ್ಲಿಗೆ ಕೈಯೂರಿ ಬಗ್ಗಿ ನಿಂತಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಲೇ ಇತ್ತು, ಗುಟುಕು ನೀರೂ ಒಳಗೆ ಹೋಗುತ್ತಿರಲಿಲ್ಲ.

ಸಂಜೆ ಕಾರಿನಲ್ಲಿ ತುಮಕೂರಿಗೆ ಕರೆದೊಯ್ದೆ. ಉಂಗುರ ಜಾರಿದೆ ಅಂದರು. ನೀರು ತೆಗೆದು ಸಡಿಲಿಸಿದರೂ ಸರಿಹೋಗದೆ ಕೊನೆಗೆ ಅದನ್ನೇ ಹೊರತೆಗೆದರು. ಒಂದು ತುತ್ತಿಗೇ ಹೀಗಾಗಲಿಕ್ಕಿಲ್ಲ, ಮೊದಲಿಂದಲೇ ಜಾರುತ್ತಿದ್ದಿರಬಹುದು, ಆಗಾಗ ವಾಂತಿಯಾಗುತ್ತಿತ್ತೇ ಎಂದು ಡಾಕ್ಟರು ಕೇಳಿದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಇಳಿದ ತೂಕವೆಲ್ಲ ಮತ್ತೆ ಬಂತು. ಅಕ್ಕ ಕುಣಿಗಲ್ಲಿಗೆ ಬರುವುದು ಅಪರೂಪವಾಯಿತು. ಅಮ್ಮ ಮುದ್ದೆ ಮಾಡುವುದನ್ನೇ ಬಿಟ್ಟಳು. ತಿರುವುವ ಕೋಲು ಅಟ್ಟ ಸೇರಿದೆ. ನಾನು ಹೋದಾಗಲೆಲ್ಲ ಅನ್ನ ಬಡಿಸಿ, ಎದುರಿಗೆ ಕೂತು ಕೇಳುತ್ತಾಳೆ:

"ನನ್ ಮುದ್ದೆಯಿಂದ್ಲೇ ಆಯ್ತೇನೋ ಅದು? ಅವ್ಳನ್ನ ಕೇಳ್ದಾ?"

ಕೇಳಿದ್ದೇನೆ, ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ. ಮೊದಲೂ ವಾಂತಿಯಾಗುತ್ತಿತ್ತಾ ಎಂದು. "ಬಿಡೋ, ಈಗ್ಯಾಕದು," ಎಂದು ಅಕ್ಕ ಬಸ್ಸಿನ ಬೋರ್ಡು ಓದತೊಡಗಿದಳು.

ಹೌದು ಎಂದಿದ್ದರೆ ಅಮ್ಮನಿಗೆ ಹೇಳಲು ಒಂದು ಮಾತಾಗುತ್ತಿತ್ತು. ಅಕ್ಕ ಆ ತುತ್ತನ್ನು ಅಮ್ಮನ ಮಾತಿಗೆ ನುಂಗಿದಳೋ, ಬರೀ ಅಭ್ಯಾಸಕ್ಕೆ ನುಂಗಿದಳೋ, ಉಂಗುರ ಅಷ್ಟರಲ್ಲಾಗಲೇ ಜಾರಿತ್ತೋ, ನನಗೆ ಗೊತ್ತಿಲ್ಲ.